ಮನೆ ಹರಾಜಾದ ಮೇಲೆ ಎಷ್ಟು ದಿನ ಅಲ್ಲೇ ಇರಬಹುದು?

ಪ್ರಶ್ನೆ: ನಾವಿರೋದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ. ಕಳೆದ ವರ್ಷ ನನ್ನ ಗಂಡನ ಕೆಲಸ ಹೋಯಿತು. ಆಮೇಲೆ ಬೇರೆ ಕೆಲಸ ಸಿಕ್ಕಿತು, ಆದರೆ ಸಂಬಳ ಮೊದಲಿಗಿಂತ ತುಂಬಾ ಕಡಿಮೆ. ಮನೆ ಸಾಲದ ಮೂರು ಕಂತು ಬಾಕಿ ಬಿದ್ದಿದೆ. ಸಾಲದ ಕಂಪನಿಯಿಂದ ಕಾಗದ ಬರೋಕೆ ಶುರುವಾಗಿದೆ. ಫೋರ್‌ಕ್ಲೋಷರ್ ಆದರೆ ಆಮೇಲೆ ಎಷ್ಟು ದಿನ ಮನೆಯಲ್ಲಿ ಇರಬಹುದು? ಮಗಳ ಶಾಲೆ ಮುಗಿಯೋವರೆಗಾದರೂ ಇಲ್ಲೇ ಇರಬೇಕು ಅಂತ ಆಸೆ. ಗಂಡ ಮಾತ್ರ, ಮರ್ಯಾದೆ ಹೋಗೋ ಮುಂಚೆ ಕೀ ಕೊಟ್ಟು ಹೊರಟುಬಿಡೋಣ ಅನ್ನುತ್ತಾರೆ. ವೀಸಾಕ್ಕೆ ತೊಂದರೆ ಆಗುತ್ತಾ ಅನ್ನೋ ಭಯ ಬೇರೆ. ಊರಲ್ಲಿ ಮಾವನವರಿಗೆ ಹೇಳಿದರೆ, 'ಸಾಲ ಫೋರ್‌ಕ್ಲೋಸ್ ಆಯ್ತಾ? ಒಳ್ಳೇದಾಯ್ತು ಬಿಡಮ್ಮ' ಅಂದರು!

ಉತ್ತರ: ನಿಮ್ಮ ಮಾವನವರನ್ನು ದೂರಬೇಡಿ. ನಮ್ಮೂರಿನ ಬ್ಯಾಂಕುಗಳಲ್ಲಿ ಫೋರ್‌ಕ್ಲೋಷರ್ ಅಂದರೆ ಅವಧಿಗೆ ಮುಂಚೆಯೇ ಸಾಲ ಪೂರ್ತಿ ತೀರಿಸಿ ಕೈತೊಳೆದುಕೊಳ್ಳೋದು. ಅಮೆರಿಕದಲ್ಲಿ ಅದೇ ಮಾತಿಗೆ ತದ್ವಿರುದ್ಧ ಅರ್ಥ. ಕಂತು ಕಟ್ಟದವರ ಮನೆಯನ್ನು ಸಾಲ ಕೊಟ್ಟವರು ಹರಾಜು ಹಾಕೋದು. ಇದನ್ನು ಅವರಿಗೆ ಬಿಡಿಸಿ ಹೇಳಿ, ಇಲ್ಲವಾದರೆ ಊರಿಗೆಲ್ಲ ಸಿಹಿ ಹಂಚಿಬಿಟ್ಟಾರು.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಟೆಕ್ಸಸ್‌ನಲ್ಲಿ ಹರಾಜಾದ ಮೇಲೆ ನಿಮಗೆ ಸಿಗೋದು ತಿಂಗಳುಗಳಲ್ಲ, ವಾರಗಳು. ಸಾಮಾನ್ಯವಾಗಿ ಮೂರು ವಾರದಿಂದ ಒಂದೂವರೆ ತಿಂಗಳು ಅಂತ ಇಟ್ಟುಕೊಳ್ಳಿ. ಆದರೆ ಈ ಪ್ರಶ್ನೆ ತಂದವರಿಗೆಲ್ಲ ನಾನು ಒಂದು ಮಾತು ಹೇಳುತ್ತೇನೆ. ಹರಾಜಿನ ಆಚೆ ಎಷ್ಟು ದಿನ ಅಂತ ಎಣಿಸಬೇಡಿ, ಹರಾಜಿನ ಈಚೆ ಎಷ್ಟು ದಿನ ಇದೆ ಅಂತ ಎಣಿಸಿ. ಜಾಸ್ತಿ ಸಮಯ ಇರೋದು ಈಚೆ. ನಿಮ್ಮ ಮಾತಿಗೆ ಬೆಲೆ ಇರೋದೂ ಈಚೆಯೇ. ನಾನು ವಕೀಲನಲ್ಲ, ಮನೆ ಸಾಲದಲ್ಲಿ ಸಿಕ್ಕಿಬಿದ್ದವರ ಜೊತೆ ಕೂತು ಕಾಗದಪತ್ರ ನೋಡೋ ಸಲಹೆಗಾರ. ಸಮಯ ಇದ್ದಾಗ ಸುಮ್ನೆ ಕೂತು, ಮುಗಿದ ಮೇಲೆ ಓಡಿ ಬಂದವರನ್ನೇ ನಾನು ಜಾಸ್ತಿ ನೋಡಿರೋದು. ನೀವು ಮೂರನೇ ಕಂತಿಗೇ ಕೇಳುತ್ತಿದ್ದೀರಿ. ಅಷ್ಟರ ಮಟ್ಟಿಗೆ ವಾಸಿ.

ಲೆಕ್ಕ ಹೀಗಿದೆ. ನೀವೇ ವಾಸವಿರೋ ಮನೆಯಾದರೆ, ಬಾಕಿ 120 ದಿನ ದಾಟೋವರೆಗೆ ಸಾಲದ ಕಂಪನಿ ಫೋರ್‌ಕ್ಲೋಷರ್‌ನ ಮೊದಲ ಹೆಜ್ಜೆಯನ್ನೇ ಇಡೋ ಹಾಗಿಲ್ಲ. ಇದು 2014ರ ಜನವರಿಯಿಂದ ಇಡೀ ಅಮೆರಿಕಕ್ಕೆ ಇರೋ ಕೇಂದ್ರ ಸರ್ಕಾರದ ನಿಯಮ. ಅದಕ್ಕೆ ಮುಂಚೆ ಬರೋದು ಎಚ್ಚರಿಕೆಯ ಕಾಗದಗಳು, ಫೋನ್ ಕರೆಗಳು. ಬಾಕಿ ಬಿದ್ದ 36 ದಿನದೊಳಗೆ ಅವರು ನಿಮ್ಮ ಜೊತೆ ಮಾತಾಡೋಕೆ ಪ್ರಯತ್ನ ಮಾಡಬೇಕು, 45 ದಿನದೊಳಗೆ ಏನೇನು ದಾರಿ ಇದೆ ಅಂತ ಬರೆದು ಕಳಿಸಬೇಕು ಅನ್ನೋದೂ ನಿಯಮವೇ. ಹಾಗಾಗಿ ಈಗ ಬಂದಿರೋ ಕಾಗದ ಬಹುಶಃ ಅದೇ. ಅದು ಬೆದರಿಕೆ ಪತ್ರ ಅಂತ ಒಡೆಯದೇ ಡ್ರಾಯರ್‌ಗೆ ತಳ್ಳುವವರು ತುಂಬಾ ಜನ. ಒಡೆದು ಓದಿ. ನಿಮಗೆ ಬೇಕಾದ ಅರ್ಜಿ ಎಲ್ಲಿ ಸಿಗುತ್ತೆ ಅನ್ನೋದು ಅದರಲ್ಲೇ ಇರಬಹುದು.

ಇನ್ನು ಟೆಕ್ಸಸ್ ಕಾನೂನು. ಇಲ್ಲಿ ಹೆಚ್ಚಿನ ಮನೆ ಸಾಲಗಳಿಗೆ ಕೋರ್ಟಿನ ಮೆಟ್ಟಿಲು ಹತ್ತೋ ಗೋಜಿಲ್ಲ. ಬಾಕಿ ಕಟ್ಟಿ ಸರಿಮಾಡಿಕೊಳ್ಳೋಕೆ ಕನಿಷ್ಠ 20 ದಿನದ ನೋಟಿಸ್ ಕೊಡಬೇಕು, ಇದು ಆ 120 ದಿನದೊಳಗೇ ಬರಬಹುದು. ಆಮೇಲೆ ಹರಾಜಿಗೆ ಕನಿಷ್ಠ 21 ದಿನ ಮುಂಚೆ ಇನ್ನೊಂದು ನೋಟಿಸ್. ಅದನ್ನು ನಿಮಗೆ ಸರ್ಟಿಫೈಡ್ ಅಂಚೆಯಲ್ಲಿ ಕಳಿಸಬೇಕು, ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕ್ಲರ್ಕ್ ಕಚೇರಿಗೆ ಕೊಡಬೇಕು, ಕೋರ್ಟ್ ಕಟ್ಟಡದಲ್ಲಿ ಅಂಟಿಸಬೇಕು. ಹರಾಜು ನಡೆಯೋದು ತಿಂಗಳ ಮೊದಲ ಮಂಗಳವಾರ, ಬೆಳಿಗ್ಗೆ 10ರಿಂದ ಸಂಜೆ 4ರ ಒಳಗೆ. ಆ ಮಂಗಳವಾರ ಜನವರಿ 1 ಅಥವಾ ಜುಲೈ 4 ಆಗಿದ್ದರೆ ಮಾತ್ರ ಮಾರನೇ ದಿನ. ನಮ್ಮವರಲ್ಲಿ ಒಂದು ನಂಬಿಕೆ ಇದೆ, ರಿಜಿಸ್ಟರ್ ಕಾಗದ ತಗೊಳ್ಳದೇ ವಾಪಸ್ ಕಳಿಸಿದರೆ ನೋಟಿಸ್ ತಲುಪಿಲ್ಲ ಅಂತ ವಾದ ಮಾಡಬಹುದು ಅಂತ. ಟೆಕ್ಸಸ್‌ನಲ್ಲಿ ಅದು ನಡೆಯಲ್ಲ. ಸರಿಯಾದ ವಿಳಾಸ ಬರೆದು ಅಂಚೆಗೆ ಹಾಕಿದರೆ ಸಾಕು, ಕೊಟ್ಟ ಹಾಗೇ ಲೆಕ್ಕ.

ಎಲ್ಲ ಕೂಡಿಸಿ ನೋಡಿ. ಮೊದಲ ಕಂತು ತಪ್ಪಿದ ದಿನದಿಂದ ಐದು ತಿಂಗಳ ಹತ್ತಿರವಾದರೂ ಆಗದೇ ಹರಾಜು ಬರೋದು ಕಷ್ಟ. ಕಂಪನಿ ನಿಧಾನ ಮಾಡಿದರೆ ಇನ್ನೂ ಜಾಸ್ತಿ. ಆ ಅಷ್ಟೂ ದಿನ ಮನೆ ನಿಮ್ಮದೇ. ಮಾಲೀಕರು ನೀವೇ. ಯಾರೂ ಬಂದು ಬೀಗ ಬದಲಾಯಿಸೋ ಹಾಗಿಲ್ಲ.

ಈಗ ಹರಾಜು ಆಗಿಯೇ ಹೋಯಿತು ಅಂದುಕೊಳ್ಳಿ. ಕೂಗಿದವರ ಹೆಸರಿಗೆ ಮನೆ ಹೋಗುತ್ತೆ. ಬೇರೆ ಯಾರೂ ಸರಿಯಾದ ಬೆಲೆಗೆ ಕೂಗದಿದ್ದರೆ ಸಾಲ ಕೊಟ್ಟವರೇ ತಗೊಳ್ಳುತ್ತಾರೆ. ಅಂದಿನಿಂದ ನೀವು ಮಾಲೀಕರಲ್ಲ, ಆದರೆ ಅತಿಕ್ರಮಣ ಮಾಡಿದವರೂ ಅಲ್ಲ. ಹೊಸ ಮಾಲೀಕ ಸಹಿಸಿಕೊಂಡಿರೋ ಬಾಡಿಗೆದಾರರ ಹಾಗೆ ಅಂತ ಕಾನೂನು ನೋಡುತ್ತೆ. ಅವನು ಮೊದಲು ಮನೆ ಖಾಲಿ ಮಾಡಿ ಅಂತ ಬರೆದುಕೊಡಬೇಕು, ಕನಿಷ್ಠ 3 ದಿನ ಕೊಟ್ಟು. ಈ 3 ದಿನ ಅನ್ನೋದನ್ನು ನೋಡಿಯೇ ಜನ ಕಂಗಾಲಾಗಿ ರಾತ್ರೋರಾತ್ರಿ ಟ್ರಕ್ ಕರೆಸುತ್ತಾರೆ. ಮೂರನೇ ದಿನ ನಿಮ್ಮನ್ನು ಹೊರಗೆ ಹಾಕುತ್ತಾರೆ ಅಂತ ಅಲ್ಲ ಅದರ ಅರ್ಥ. ಮೂರು ದಿನ ಕಳೆದ ಮೇಲೆ ಅವನು ಕೇಸು ಹಾಕಬಹುದು ಅಂತ, ಅಷ್ಟೇ.

ಕೇಸು ಹೋಗೋದು ಜಸ್ಟೀಸ್ ಆಫ್ ದಿ ಪೀಸ್ ಅನ್ನೋ ಸಣ್ಣ ಸ್ಥಳೀಯ ಕೋರ್ಟಿಗೆ. ವಿಚಾರಣೆ 10ರಿಂದ 21 ದಿನದೊಳಗೆ ಬರುತ್ತೆ. ಅಲ್ಲಿ ಹೋಗಿ ಹರಾಜೇ ಸರಿಯಿಲ್ಲ, ಸಾಲದ ಲೆಕ್ಕ ತಪ್ಪು ಅಂತ ವಾದ ಮಾಡಿ ಪ್ರಯೋಜನ ಇಲ್ಲ. ಆ ನ್ಯಾಯಾಧೀಶರು ನೋಡೋದು ಒಂದೇ, ಈಗ ಮನೆಯಲ್ಲಿ ಇರೋ ಹಕ್ಕು ಯಾರದು ಅಂತ. ಹಕ್ಕುಪತ್ರದ ಜಗಳಕ್ಕೆ ಬೇರೆ ಕೋರ್ಟು, ಬೇರೆ ವಕೀಲರು. ತೀರ್ಪು ನಿಮ್ಮ ವಿರುದ್ಧ ಬಂದರೆ ಮೇಲ್ಮನವಿಗೆ 5 ದಿನ. ಅದು ಮುಗಿದ ಮೇಲೆ ಮನೆ ಖಾಲಿ ಮಾಡಿಸೋ ಆದೇಶ ಕಾನ್‌ಸ್ಟೆಬಲ್ ಕೈಗೆ, ಅಂದರೆ ಕೋರ್ಟಿನ ಆದೇಶ ಜಾರಿ ಮಾಡೋ ಅಧಿಕಾರಿಯ ಕೈಗೆ ಬರುತ್ತೆ. ಅವರೂ ನೇರ ಒಳಗೆ ನುಗ್ಗಲ್ಲ. ಬಾಗಿಲಿಗೆ ಕನಿಷ್ಠ 24 ಗಂಟೆಯ ಎಚ್ಚರಿಕೆ ಅಂಟಿಸಬೇಕು. ಟೆಕ್ಸಸ್ ಕಾನೂನಿನಲ್ಲಿ ಒಂದು ಸಾಲು ನನಗೆ ಯಾವಾಗಲೂ ನೆನಪಿಗೆ ಬರುತ್ತೆ: ಮಳೆ, ಆಲಿಕಲ್ಲು, ಹಿಮ ಬೀಳ್ತಾ ಇದ್ದಾಗ ಸಾಮಾನು ಹೊರಗೆ ಇಡೋ ಹಾಗಿಲ್ಲ. ಇಷ್ಟು ಗಡಸು ಕಾನೂನಿನ ನಡುವೆ ಯಾರೋ ಒಬ್ಬರಿಗೆ ಅದು ಹೊಳೆದಿದೆಯಲ್ಲ.

ಇಷ್ಟಕ್ಕೆಲ್ಲ ಕಾಯಬೇಕು ಅಂತ ನಾನು ಹೇಳಲ್ಲ. ಕಾನ್‌ಸ್ಟೆಬಲ್ ಬರೋ ದಿನದವರೆಗೆ ಕೂತರೆ ಹೊರಹಾಕಿಸಿಕೊಂಡ ದಾಖಲೆ ಹೆಸರಿಗೆ ಅಂಟುತ್ತೆ. ನಾಳೆ ಬಾಡಿಗೆ ಮನೆ ಕೇಳೋಕೆ ಹೋದಾಗ ಅಪಾರ್ಟ್‌ಮೆಂಟಿನವರು ಮೊದಲು ನೋಡೋದೇ ಅದು. ಕ್ರೆಡಿಟ್ ವರದಿಯಲ್ಲಿ ಫೋರ್‌ಕ್ಲೋಷರ್ 7 ವರ್ಷ ಇರುತ್ತೆ ನಿಜ. ಆದರೆ ಮಾಲೀಕರು ಅದನ್ನು ಕ್ಷಮಿಸಿದರೂ ಹೊರಹಾಕಿಸಿಕೊಂಡ ದಾಖಲೆಯನ್ನು ಕ್ಷಮಿಸೋದು ಕಮ್ಮಿ. ಮನೆ ಕೊಂಡವರಿಗೂ ಕೋರ್ಟು ಬೇಡ. ಅದಕ್ಕೇ ಅಲ್ಲಿ 'ಕ್ಯಾಶ್ ಫಾರ್ ಕೀಸ್' ಅಂತ ಒಂದು ರೂಢಿ ಇದೆ. ಇಂಥ ದಿನದೊಳಗೆ ಮನೆ ಗುಡಿಸಿ ಕೀ ಕೊಟ್ಟರೆ ಇಷ್ಟು ದುಡ್ಡು ಕೊಡುತ್ತೇವೆ ಅಂತ ಒಪ್ಪಂದ. ಬ್ಯಾಂಕೇ ಕೊಂಡಿದ್ದರೆ ಇದು ಸಿಗೋ ಸಾಧ್ಯತೆ ಜಾಸ್ತಿ. ಅವರೇ ಕೇಳದಿದ್ದರೆ ನೀವೇ ಕೇಳಿ, ನಾಚಿಕೆ ಬೇಡ. ದುಡ್ಡಿಗಿಂತ ದಿನ ಬೇಕು ಅಂತಲೂ ಕೇಳಬಹುದು. ಎಲ್ಲ ಬರವಣಿಗೆಯಲ್ಲಿ ಇರಲಿ. ಕೋಪಕ್ಕೆ ಒಲೆ, ದೀಪ, ಬಾಗಿಲು ಕಿತ್ತುಕೊಂಡು ಹೋಗೋ ಯೋಚನೆ ಮಾತ್ರ ಬೇಡ, ಅವು ಆಗಲೇ ನಿಮ್ಮದಲ್ಲ.

ಬೇರೆ ರಾಜ್ಯದಲ್ಲಿರೋ ಓದುಗರು ಇದನ್ನು ಹಾಗೇ ತಮಗೆ ಹಚ್ಚಿಕೊಳ್ಳಬೇಡಿ. ಒಂದೊಂದು ರಾಜ್ಯದ ರೀತಿ ಒಂದೊಂದು. ಮಿಶಿಗನ್‌ನಲ್ಲಿ ಹರಾಜಾದ ಮೇಲೂ ಹೆಚ್ಚಿನ ಮನೆಗಳಿಗೆ 6 ತಿಂಗಳು ದುಡ್ಡು ಕಟ್ಟಿ ಮನೆ ಬಿಡಿಸಿಕೊಳ್ಳೋ ಅವಕಾಶ ಇದೆ, ಆ ಅವಧಿಯಲ್ಲಿ ಅಲ್ಲೇ ವಾಸ ಮಾಡಬಹುದು. ಮಿನ್ನೆಸೋಟದಲ್ಲೂ ಹೆಚ್ಚುಕಮ್ಮಿ ಹಾಗೇ. ಇಲಿನಾಯ್‌ನಲ್ಲಿ ಕೋರ್ಟು ಹರಾಜನ್ನು ಒಪ್ಪಿದ ಮೇಲೆ 30 ದಿನ ಅಲ್ಲೇ ಇರಬಹುದು. ನ್ಯೂಜೆರ್ಸಿಯಲ್ಲಿ ಎಲ್ಲ ಕೋರ್ಟಿನ ಮೂಲಕ, ಹರಾಜಾದ ಮೇಲೆ ಬಿಡಿಸಿಕೊಳ್ಳೋಕೆ 10 ದಿನ. ಆದರೆ ಅಲ್ಲಿ ಹರಾಜಿಗೆ ಮುಂಚೆ, ತಲಾ 30 ದಿನದ ಹಾಗೆ ಎರಡು ಸಲ ಮುಂದೂಡಿ ಅಂತ ಮನೆಯವರೇ ಶೆರಿಫ್ ಕಚೇರಿಗೆ ಕೇಳಬಹುದು. ಎಷ್ಟೋ ಜನಕ್ಕೆ ಇದು ಗೊತ್ತೇ ಇರಲ್ಲ. ನ್ಯೂಯಾರ್ಕ್‌ನಲ್ಲಿ ಕೋರ್ಟು ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಲೇಬೇಕು, ಹಾಗಾಗಿ ಅಲ್ಲಿ ಕೇಸು ವರ್ಷಗಟ್ಟಲೆ ಎಳೆಯೋದುಂಟು. ಕ್ಯಾಲಿಫೋರ್ನಿಯ ಟೆಕ್ಸಸ್‌ನಂತೆಯೇ, ಹರಾಜಾದ ಮೇಲೆ 3 ದಿನದ ನೋಟಿಸ್. ಆದರೆ ಹರಾಜಿಗೆ ಮುಂಚೆ ಮೊದಲ ನೋಟಿಸಿನಿಂದ ಮೂರು ತಿಂಗಳು ಕಾಯಬೇಕು, ಆಮೇಲೆ ಹರಾಜಿನ ನೋಟಿಸ್ ಕೊಟ್ಟು ಇನ್ನೂ 20 ದಿನ. ಟೆಕ್ಸಸ್‌ನಲ್ಲಿ ಮಾಮೂಲಿ ಮನೆ ಸಾಲಕ್ಕೆ ಹರಾಜಾದ ಮೇಲೆ ಬಿಡಿಸಿಕೊಳ್ಳೋ ಹಕ್ಕೇ ಇಲ್ಲ. ಆಸ್ತಿ ತೆರಿಗೆಗೋ ಬಡಾವಣೆ ಸಂಘದ ಬಾಕಿಗೋ ಮನೆ ಹೋದರೆ ಮಾತ್ರ ಇದೆ.

ಮನೆಯನ್ನು ಬಾಡಿಗೆಗೆ ಕೊಟ್ಟಿರೋರು ಕೇಳುತ್ತಾರೆ, ಬಾಡಿಗೆದಾರರ ಗತಿ ಏನು ಅಂತ. ಅವರಿಗೆ ಕನಿಷ್ಠ 90 ದಿನ ಕೊಡಬೇಕು. 2009ರಲ್ಲಿ ಬಂದು, ನಡುವೆ ಬಿಟ್ಟುಹೋಗಿ, 2018ರಲ್ಲಿ ಕಾಯಂ ಆದ ಕೇಂದ್ರದ ಕಾನೂನು ಅದು. ಒಬ್ಬ ಚತುರ ಹುಡುಗ ನನ್ನ ಹತ್ತಿರ ಬಂದು, ಊರಿಂದ ಬಂದಿರೋ ಅಪ್ಪ ಅಮ್ಮನ ಹೆಸರಿಗೆ ಬಾಡಿಗೆ ಕರಾರು ಬರೆದುಬಿಡಲಾ ಅಂತ ಕೇಳಿದ್ದ. ಕಾನೂನು ಬರೆದವರು ಅವನಿಗಿಂತ ಮುಂಚೆಯೇ ಯೋಚನೆ ಮಾಡಿದ್ದಾರೆ. ಸಾಲಗಾರರ ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ ಇದರಲ್ಲಿ ಸೇರಲ್ಲ.

ಇನ್ನು ನಿಮ್ಮ ಯಜಮಾನರ ಮಾತು. ಕೀ ಕೊಟ್ಟು ಹೊರಟುಬಿಡೋದು. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ: ಬೇಡ. ಕೀ ಯಾರಿಗೆ ಕೊಡುತ್ತೀರಿ? ಅಂಚೆಯಲ್ಲಿ ಕಳಿಸಿದ ಮಾತ್ರಕ್ಕೆ ಮನೆ ಅವರದಾಗಲ್ಲ. ಹಕ್ಕುಪತ್ರ ಬದಲಾಗೋವರೆಗೆ ತೆರಿಗೆ, ಬಡಾವಣೆ ಸಂಘದ ಶುಲ್ಕ, ಹುಲ್ಲು ಕತ್ತರಿಸದ್ದಕ್ಕೆ ದಂಡ, ಎಲ್ಲ ನಿಮ್ಮ ಹೆಸರಿಗೇ. ನನಗೆ ಗೊತ್ತಿರೋ ಒಂದು ಕುಟುಂಬ ಅಡುಗೆಮನೆ ಕಟ್ಟೆ ಮೇಲೆ ಕೀ ಇಟ್ಟು ಊರಿಗೆ ಹೋಯಿತು. ಹರಾಜು ಆಗಿದ್ದು ಒಂದು ವರ್ಷದ ಮೇಲೆ. ಅಷ್ಟು ದಿನ ಖಾಲಿ ಬಿದ್ದ ಮನೆಯಲ್ಲಿ ಪೈಪ್ ಒಡೆದು ನೆಲವೆಲ್ಲ ಹಾಳಾಯಿತು. ಅವರು ಬಿಟ್ಟುಹೋಗದೇ ಇದ್ದಿದ್ದರೆ ಅದೇ ಒಂದು ವರ್ಷ ಅಲ್ಲೇ ಇರಬಹುದಿತ್ತು. ಇನ್ನೊಂದು ವಿಷಯ, ಮನೆ ಖಾಲಿ ಇದೆ ಅಂತ ಕಂಡರೆ ಕಾವಲಿನ ನೆಪದಲ್ಲಿ ಬೀಗ ಬದಲಾಯಿಸೋಕೆ ಅವರಿಗೆ ದಾರಿ ಸಿಗುತ್ತೆ. ವಾಸ ಇದ್ದರೆ ಅದು ಆಗಲ್ಲ. ಒಪ್ಪಂದ ಮಾಡಿಕೊಂಡು, ಕಾಗದ ಬರೆದು, ಉಳಿದ ಬಾಕಿ ಮನ್ನಾ ಅಂತ ಬರೆಸಿಕೊಂಡು ಮನೆ ಒಪ್ಪಿಸೋದು ಬೇರೆ ಮಾತು. ಅದಕ್ಕೆ 'ಡೀಡ್ ಇನ್ ಲಿಯು' ಅಂತಾರೆ, ಅದು ಗೌರವದ ದಾರಿಯೇ. ಮರ್ಯಾದೆ ಬಗ್ಗೆ ಅವರಿಗೆ ಅಷ್ಟು ಯೋಚನೆ ಇದ್ದರೆ ಅದನ್ನು ತೋರಿಸಿ.

ಆದರೆ ನಿಮ್ಮ ವಿಷಯದಲ್ಲಿ ಅದಕ್ಕೂ ಮುಂಚೆ ನೋಡಬೇಕಾದ್ದು ಬೇರೆ ಇದೆ. ನಿಮ್ಮ ಮನೆಯ ಇವತ್ತಿನ ಬೆಲೆ ಎಷ್ಟು, ಸಾಲ ಎಷ್ಟು ಉಳಿದಿದೆ? ಬೆಲೆ ಜಾಸ್ತಿ ಇದ್ದರೆ ಹರಾಜಿಗೆ ಬಿಡೋದು ಕೈಯಾರೆ ದುಡ್ಡು ಸುರಿದ ಹಾಗೆ. ಹರಾಜಿನಲ್ಲಿ ಸಾಲಕ್ಕಿಂತ ಜಾಸ್ತಿ ಬಂದರೆ, ಬೇರೆ ಬಾಕಿಗಳನ್ನು ಕಳೆದು ಮಿಕ್ಕಿದ್ದು ನಿಮಗೇ ಸೇರಬೇಕು ನಿಜ. ಆದರೆ ಹರಾಜಿನಲ್ಲಿ ಒಳ್ಳೆ ಬೆಲೆ ಬರೋದು ಅಪರೂಪ. ನೀವೇ ಮಾರಿ. ಮಾರಿದ ಮೇಲೂ ಅಲ್ಲೇ ಇರೋಕೆ ಟೆಕ್ಸಸ್‌ನಲ್ಲಿ ಒಂದು ಮಾಮೂಲಿ ದಾರಿ ಇದೆ. ಮಾರಿದವರು ತಾತ್ಕಾಲಿಕವಾಗಿ ಬಾಡಿಗೆಗೆ ಇರೋಕೆ ರಾಜ್ಯದ ರಿಯಲ್ ಎಸ್ಟೇಟ್ ಆಯೋಗದ್ದೇ ಸಿದ್ಧ ಕರಾರು ಪತ್ರ ಇದೆ, 90 ದಿನದವರೆಗೆ. ಕೊಳ್ಳುವವರು ಒಪ್ಪಬೇಕು, ಬಾಡಿಗೆ ಕೊಡಬೇಕು, ಅಷ್ಟೇ. ಹರಾಜಾದ ಮೇಲೆ ಸಿಗೋ ವಾರಗಳಿಗಿಂತ ಇದು ಎಷ್ಟು ವಾಸಿ ಅಲ್ವಾ? ಮಗಳ ಶಾಲೆಯ ಪ್ರಶ್ನೆಗೂ ಇದೇ ಒಳ್ಳೆ ಉತ್ತರ ಆಗಬಹುದು.

ಮಾರೋ ಮನಸ್ಸಿಲ್ಲ, ಮನೆ ಉಳಿಸಿಕೊಳ್ಳಬೇಕು ಅಂದರೂ ನಿಮ್ಮ ಕೈ ಖಾಲಿ ಇಲ್ಲ. ಕಡಿಮೆಯಾದರೂ ತಿಂಗಳ ಸಂಬಳ ಬರುತ್ತಿದೆ. ಸಾಲದ ಕಂಪನಿ ಮೊದಲು ಕೇಳೋದೇ ಅದನ್ನು. ಬಾಕಿಯನ್ನು ಕಂತಿನ ಮೇಲೆ ಸ್ವಲ್ಪ ಸ್ವಲ್ಪ ಕಟ್ಟೋದು, ಸಾಲದ ಅವಧಿ ಉದ್ದ ಮಾಡಿ ಕಂತು ಇಳಿಸೋದು, ಬಾಕಿಯನ್ನು ಸಾಲದ ಕೊನೆಗೆ ತಳ್ಳೋದು, ಹೀಗೆ ದಾರಿಗಳಿವೆ. ಇವಕ್ಕೆಲ್ಲ ಒಂದೇ ಅರ್ಜಿ. ನೆನಪಿಡಬೇಕಾದ ಅಂಕಿ 37. ಹರಾಜಿಗೆ 37 ದಿನಕ್ಕಿಂತ ಜಾಸ್ತಿ ಇರುವಾಗಲೇ ನಿಮ್ಮ ಪೂರ್ತಿ ಅರ್ಜಿ ಅವರ ಕೈ ಸೇರಿದ್ದರೆ, ಅದನ್ನು ಪರಿಶೀಲಿಸಿ ಉತ್ತರ ಕೊಡದೇ ಅವರು ಹರಾಜು ಮಾಡೋ ಹಾಗಿಲ್ಲ. ಟೆಕ್ಸಸ್‌ನಲ್ಲಿ ಹರಾಜಿನ ನೋಟಿಸ್ ಬರೋದು 21 ದಿನ ಮುಂಚೆ ಅಂತ ಮೇಲೆ ಹೇಳಿದೆನಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೋಟಿಸ್ ಬಂದ ಮೇಲೆ ಅರ್ಜಿ ಹಾಕೋಣ ಅಂತ ಕೂತರೆ 37ರ ಗಡಿ ಆಗಲೇ ದಾಟಿರಬಹುದು. ಇಷ್ಟು ಸಣ್ಣ ಲೆಕ್ಕ ತಪ್ಪಿ ಮನೆ ಕಳೆದುಕೊಂಡವರನ್ನು ನೋಡಿದ್ದೇನೆ.

ಎಲ್ಲ ಕೈಮೀರಿ ಹರಾಜಿನ ದಿನ ಹತ್ತಿರ ಬಂದರೆ ದಿವಾಳಿ ಕಾನೂನಿನ ಚಾಪ್ಟರ್ 13 ಇದೆ. ಅರ್ಜಿ ಹಾಕಿದ ಗಳಿಗೆಗೇ ಹರಾಜು ನಿಲ್ಲುತ್ತೆ. ಆಮೇಲೆ 3ರಿಂದ 5 ವರ್ಷದಲ್ಲಿ ಹಳೇ ಬಾಕಿ ತೀರಿಸುತ್ತಾ, ಹೊಸ ಕಂತನ್ನೂ ತಪ್ಪದೇ ಕಟ್ಟಬೇಕು. ಸಂಬಳ ಇರೋರಿಗೆ ಮಾತ್ರ ಇದು ಆಗೋ ಮಾತು, ನಿಮಗೆ ಇದೆ. ಆದರೆ ಹರಾಜು ಮುಗಿದ ಮಾರನೇ ದಿನ ಹಾಕಿದರೆ ಮನೆ ವಾಪಸ್ ಬರಲ್ಲ. ಇದಕ್ಕೆ ದಿವಾಳಿ ಕೇಸು ನೋಡೋ ವಕೀಲರೇ ಬೇಕು.

ಹರಾಜಿನ ದುಡ್ಡು ಸಾಲಕ್ಕೆ ಸಾಲದೇ ಹೋದರೆ ಮಿಕ್ಕಿದ್ದಕ್ಕೆ ಟೆಕ್ಸಸ್‌ನಲ್ಲಿ ನಿಮ್ಮ ಮೇಲೆ ಕೇಸು ಹಾಕಬಹುದು, 2 ವರ್ಷದೊಳಗೆ. ಆಗ ಹರಾಜಿನ ಬೆಲೆಯನ್ನಲ್ಲ, ಮನೆಯ ನಿಜವಾದ ಮಾರುಕಟ್ಟೆ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಿರಿ ಅಂತ ಕೇಳೋ ಹಕ್ಕು ನಿಮಗಿದೆ. ಅವರು ಬಾಕಿ ಮನ್ನಾ ಮಾಡಿದರೆ ಅದನ್ನು ನಿಮ್ಮ ಆದಾಯ ಅಂತ ತೆರಿಗೆಯವರು ಕೇಳಬಹುದು, ಸಿಪಿಎ, ಅಂದರೆ ಲೆಕ್ಕಪತ್ರ ನೋಡೋರ ಹತ್ತಿರ ಒಮ್ಮೆ ಮಾತಾಡಿ.

ವೀಸಾ ಬಗ್ಗೆ: ಸಾಲ ಬಾಕಿ ಬೀಳೋದು ಅಪರಾಧ ಅಲ್ಲ. ಪೊಲೀಸು, ಜೈಲು ಯಾವುದೂ ಇಲ್ಲ. ಮನೆ ಹರಾಜಾಯಿತು ಅನ್ನೋ ಕಾರಣಕ್ಕೇ ವೀಸಾ ಹೋಗಲ್ಲ. ವೀಸಾ ನಿಂತಿರೋದು ಕೆಲಸದ ಮೇಲೆ. ಎಚ್-1ಬಿ ಅನ್ನೋ ಕೆಲಸದ ವೀಸಾದಲ್ಲಿರೋರಿಗೆ ಕೆಲಸ ಹೋದರೆ ಸಿಗೋದು ಹೆಚ್ಚೆಂದರೆ 60 ದಿನ. ಆ 60 ದಿನಕ್ಕೂ ಮನೆಯ 120 ದಿನಕ್ಕೂ ಸಂಬಂಧವೇ ಇಲ್ಲ, ಎರಡನ್ನೂ ಕಲಸಿಕೊಂಡು ಹೆದರಬೇಡಿ. ಅಕಸ್ಮಾತ್ ದೇಶ ಬಿಡಬೇಕಾದರೂ, ನಂಬಿಕಸ್ಥರಿಗೆ ಅಧಿಕಾರ ಪತ್ರ ಬರೆದುಕೊಟ್ಟು ಊರಿಂದಲೇ ಮನೆ ಮಾರಿಸಬಹುದು.

ಮಗಳ ಶಾಲೆಗೆ ಇನ್ನೊಂದು ಆಸರೆ ಇದೆ. ಮನೆ ಕಳೆದುಕೊಂಡು ಸ್ನೇಹಿತರ ಮನೆಯಲ್ಲೋ ನೆಂಟರ ಮನೆಯಲ್ಲೋ ಇರಬೇಕಾಗಿ ಬಂದ ಮಕ್ಕಳಿಗೆ ತಮ್ಮ ಹಳೇ ಶಾಲೆಯಲ್ಲೇ ಮುಂದುವರಿಯೋ ಹಕ್ಕನ್ನು ಮೆಕಿನ್ನಿ-ವೆಂಟೊ ಕಾನೂನು ಕೊಡುತ್ತೆ. ಪ್ರತಿ ಶಾಲಾ ಜಿಲ್ಲೆಯಲ್ಲೂ ಇದನ್ನು ನೋಡಿಕೊಳ್ಳೋ ಒಬ್ಬರು ಇರಲೇಬೇಕು. ಶಾಲೆಯ ಕಚೇರಿಯಲ್ಲಿ ಕೇಳಿ.

ಹರಾಜಿನ ನೋಟಿಸ್ ಕೌಂಟಿಯಲ್ಲಿ ಎಲ್ಲರಿಗೂ ಕಾಣೋ ದಾಖಲೆ. ಅದು ಅಂಟಿದ ವಾರದಿಂದ 'ನಿಮ್ಮ ಮನೆ ಉಳಿಸಿಕೊಡುತ್ತೇವೆ' ಅಂತ ಕಾಗದಗಳ ಮಳೆ ಶುರುವಾಗುತ್ತೆ. ಮುಂಗಡ ಕೇಳೋರು, ಕಂತನ್ನು ನಮಗೇ ಕಟ್ಟಿ ಅನ್ನೋರು, ಹಕ್ಕುಪತ್ರಕ್ಕೆ ಸಹಿ ಹಾಕಿ, ಆಮೇಲೆ ವಾಪಸ್ ಬರೆದುಕೊಡುತ್ತೇವೆ ಅನ್ನೋರು, ಯಾರಿಗೂ ಬಾಗಿಲು ತೆಗೆಯಬೇಡಿ. ನಮ್ಮ ಭಾಷೆಯಲ್ಲೇ ಮಾತಾಡಿದರೂ ಅಷ್ಟೇ. ಕೇಂದ್ರದ ವಸತಿ ಇಲಾಖೆ ಒಪ್ಪಿರೋ ಸಲಹೆಗಾರರು ಫೋರ್‌ಕ್ಲೋಷರ್ ತಪ್ಪಿಸೋ ಸಲಹೆಗೆ ದುಡ್ಡು ತಗೊಳ್ಳಲ್ಲ.

ಈ ವಾರವೇ ಮಾಡಬೇಕಾದ್ದು ಒಂದಿದೆ. ಸಂಬಳದ ಚೀಟಿ, ಎರಡು ತಿಂಗಳ ಬ್ಯಾಂಕ್ ಲೆಕ್ಕ, ತೆರಿಗೆ ಕಾಗದ, ಕೆಲಸ ಹೋದದ್ದರ ಬಗ್ಗೆ ನಾಲ್ಕು ಸಾಲಿನ ಪತ್ರ, ಇವನ್ನು ಒಟ್ಟು ಮಾಡಿ ಅರ್ಜಿ ಕಳಿಸಿ. ಸಿಕ್ಕಿದೆ ಅಂತಲೂ, ಪೂರ್ತಿ ಇದೆಯೋ ಇನ್ನೇನು ಬೇಕೋ ಅಂತಲೂ ಕಂಪನಿಯವರು 5 ಕೆಲಸದ ದಿನದೊಳಗೆ ಬರೆದು ತಿಳಿಸಬೇಕು. 'ಪೂರ್ತಿ ಇದೆ' ಅನ್ನೋ ಆ ಕಾಗದವೇ ನಿಮಗೆ ಬೇಕಾದ್ದು. ಒಂದು ಪುಟ ಕಮ್ಮಿ ಇದ್ದರೂ ಮೇಲೆ ಹೇಳಿದ 37 ದಿನದ ರಕ್ಷಣೆ ಸಿಗಲ್ಲ. ಐದು ದಿನ ಕಳೆದೂ ಕಾಗದ ಬರಲಿಲ್ಲ ಅಂದರೆ ಆರನೇ ದಿನ ಬೆಳಿಗ್ಗೆ ಫೋನ್ ಮಾಡಿ, ಮಾತಾಡಿದವರ ಹೆಸರು, ಹೊತ್ತು, ಹೇಳಿದ ಮಾತು ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ.